ಮಗಳಿಗೆ ಜಂಪಿಂಗ್ ಕುದುರೆ ಬೇಕು, ಕೊಡಗಿನಲ್ಲೇ ಕೊಳ್ಳಬಹುದಾ?

ಅಮ್ಮತ್ತಿ_ತೋಟದಮನೆ
ಎಲ್ಲರಿಗೂ ನಮಸ್ಕಾರ. ಮಗಳಿಗೆ ಹದಿಮೂರು ವರ್ಷ. ಮೈಸೂರಿನಲ್ಲಿ ಓದುವಾಗ ಸವಾರಿ ಕಲಿತಳು. ಈಗ 80 ಸೆಂಟಿಮೀಟರ್ ಎತ್ತರ ಆರಾಮಾಗಿ ಹಾರಿಸುತ್ತಾಳೆ. ಮುಂದಿನ ವರ್ಷದಿಂದ ಗೋಣಿಕೊಪ್ಪಲಿನಲ್ಲಿ ಶಾಲೆ. ಹಾಗಾಗಿ ಕುದುರೆ ನಮ್ಮ ತೋಟದಲ್ಲೇ ಇರಬೇಕು. ಬೆಂಗಳೂರಿನ ಜೂನಿಯರ್ ಶೋಗಳಿಗೆ (ಸವಾರಿ ಸ್ಪರ್ಧೆಗಳಿಗೆ) ಹೋಗಬೇಕು ಎಂಬುದು ಅವಳ ಆಸೆ, ನನ್ನದೂ ಅದೇ.

ಎರಡು ಕುದುರೆ ಮಾತಿನಲ್ಲಿವೆ. ಒಂದು ಸುಂಟಿಕೊಪ್ಪ ಕಡೆ ಇದೆ. ಕಪ್ಪು ಮಾರ್ವಾರಿ ತಳಿಯ ಹೆಣ್ಣು, 62 ಇಂಚು ಎತ್ತರ, ನಾಲ್ಕೂ ಕಾಲು ಬಿಳಿ, ಹಣೆಯಲ್ಲಿ ಬಿಳಿ ಪಟ್ಟೆ. ಮಹಾರಾಷ್ಟ್ರದ ಸಾರಂಗಖೇಡಾ ಜಾತ್ರೆಯಿಂದ ತಂದದ್ದಂತೆ, ಐದು ವರ್ಷ ತುಂಬಿದೆಯಂತೆ. ಮೆರವಣಿಗೆಯಲ್ಲಿ ಕುಣಿಯುತ್ತದೆ. ಮೂರು ಮುಕ್ಕಾಲು ಲಕ್ಷ ಕೇಳುತ್ತಿದ್ದಾರೆ. ವಿಡಿಯೊ ನೋಡಿ ಮಗಳು ಆಗಲೇ ಹೆಸರಿಟ್ಟಿದ್ದಾಳೆ. ಇನ್ನೊಂದು ಕುಶಾಲನಗರದ ಹತ್ತಿರ ಒಂದು ರೆಸಾರ್ಟಿನಲ್ಲಿದೆ. ರೇಸ್ ಬಿಟ್ಟ ಥರೋಬ್ರೆಡ್ (ರೇಸಿನ ತಳಿ), ಬೀಜ ತೆಗೆಸಿದ ಗಂಡು, ಒಂಬತ್ತು ವರ್ಷ, ಒಂದು ಲಕ್ಷದ ಇಪ್ಪತ್ತು ಸಾವಿರ. ನೋಡಲು ಸಾದಾ.

ಸುಂಟಿಕೊಪ್ಪದವರು ಭಾನುವಾರ ಕೇರಳದಿಂದ ಬೇರೆ ಪಾರ್ಟಿ ಬರುತ್ತಿದೆ, ಐವತ್ತು ಸಾವಿರ ಮುಂಗಡ ಹಾಕಿ ಎನ್ನುತ್ತಿದ್ದಾರೆ. ಊರಿನವರ ಹತ್ತಿರ ಕೊಂಡು ಅನುಭವ ಇರುವವರು ದಯವಿಟ್ಟು ಹೇಳಿ. ಏನೇನು ನೋಡಬೇಕು? ಬೆಲೆ ಸರಿಯಾ?

ಗೋಣಿಕೊಪ್ಪ_ಹುಡುಗ
ಮುಂಗಡ ಕೊಡಬೇಡಿ ಅಕ್ಕ. ದುಡ್ಡು ಕೈ ಬಿಟ್ಟ ಮೇಲೆ ನೀವು ಕೇಳುವ ಪ್ರಶ್ನೆಗೆ ಯಾರೂ ಉತ್ತರ ಕೊಡುವುದಿಲ್ಲ. ಕೇರಳದವರು ಬಂದು ಕೊಂಡರೆ ಕೊಳ್ಳಲಿ.

ಸವಾರಿ_ಮೇಷ್ಟ್ರು
ನಾನು ಮಕ್ಕಳಿಗೆ ಸವಾರಿ ಕಲಿಸುವವನು. ಬೆಲೆ ಆಮೇಲೆ ನೋಡೋಣ. ನಿಮ್ಮ ಮಗಳು ಜಂಪಿಂಗ್ ಮಾಡುತ್ತಾಳೆ. ಮಾರ್ವಾರಿ ಶೋಗಳಲ್ಲಿ ನೋಡುವುದು ಕಿವಿ ಎಷ್ಟು ಬಾಗಿ ತುದಿ ಕೂಡುತ್ತದೆ, ಕತ್ತು ಹೇಗೆ ಎದ್ದಿದೆ, ಎತ್ತರ ಎಷ್ಟು ಎಂದು. ಆ ಮೂರು ಮುಕ್ಕಾಲು ಲಕ್ಷ ಬಂದಿರುವುದು ಅಲ್ಲಿಂದ. ಅಡ್ಡಪಟ್ಟಿ ಹಾರುವಾಗ ಕಿವಿಯಿಂದ ಏನೂ ಉಪಯೋಗ ಇಲ್ಲ.

ಹದಿಮೂರರ ಹುಡುಗಿ ಇನ್ನೂ ಕಲಿಯುತ್ತಿದ್ದಾಳೆ. ಅವಳಿಗೆ ಕಲಿತ ಕುದುರೆ ಬೇಕು. ಇಬ್ಬರೂ ಹೊಸಬರಾದರೆ ಇಬ್ಬರೂ ಹೆದರುತ್ತಾರೆ, ಒಂದು ಸಲ ಜೋರಾಗಿ ಬಿದ್ದರೆ ಮಗು ಸವಾರಿಯನ್ನೇ ಬಿಡುತ್ತದೆ. ಇದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುವುದು.

ಎರಡೂ ಕುದುರೆಗಳ ಬಗ್ಗೆ ಒಂದೇ ಪ್ರಶ್ನೆ ಕೇಳಿ: ಇದರ ಮೇಲೆ ಯಾರಾದರೂ ಪೂರ್ತಿ ಕೋರ್ಸ್ ಹಾರಿಸಿದ್ದಾರಾ, ವಿಡಿಯೊ ಇದೆಯಾ? ಒಂದು ಜಿಗಿತದ ವಿಡಿಯೊ ಸಾಲದು. ಎಂಟು ಹತ್ತು ಅಡ್ಡಪಟ್ಟಿ ಸಾಲಾಗಿ ಹಾರಿ ಕೊನೆಗೂ ತಾಳ್ಮೆಯಿಂದ ಇದೆಯಾ ಎಂದು ನೋಡಬೇಕು.

ಸುಂಟಿಕೊಪ್ಪ_ಶೌಕೀನ್
ಮೇಷ್ಟ್ರೇ, ಮಾರ್ವಾರಿ ಅಂದರೆ ಬರೀ ಮದುವೆ ಕುದುರೆ ಎನ್ನುವ ಹಾಗೆ ಬರೆಯಬೇಡಿ. ಮರುಭೂಮಿಯಲ್ಲಿ ಯುದ್ಧಕ್ಕೆ ಬೆಳೆಸಿದ ತಳಿ ಅದು. ದೂರ ಓಡುವ ತಾಕತ್ತು ಇದೆ, ಗಟ್ಟಿ ಗೊರಸು ಇದೆ. ಸರಿಯಾಗಿ ಕಲಿಸಿದರೆ ಹಾರುತ್ತದೆ. ನಮ್ಮ ದೇಶದ ತಳಿ ನಮ್ಮವರೇ ಕೊಳ್ಳದಿದ್ದರೆ ಇನ್ಯಾರು ಉಳಿಸುತ್ತಾರೆ?

ಇನ್ನೊಂದು ವಿಷಯ. ನಾಲ್ಕು ಕಾಲು ಮತ್ತು ಹಣೆ ಬಿಳಿ ಇದ್ದರೆ ಪಂಚಕಲ್ಯಾಣಿ. ಅದರ ಜೊತೆ ಕತ್ತಿನ ಕೆಳಗೆ ದೇವಮಣಿ ಸುಳಿ ಇದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ಸವಾರಿ_ಮೇಷ್ಟ್ರು
ಹಾರುವುದಿಲ್ಲ ಎಂದು ನಾನು ಹೇಳಲಿಲ್ಲ ಅಣ್ಣ. "ಕಲಿಸಿದರೆ" ಎಂದು ನೀವೇ ಹೇಳಿದಿರಿ. ಕಲಿಸುವವರು ಅಮ್ಮತ್ತಿಯಲ್ಲಿ ಯಾರು?

ವಿರಾಜಪೇಟೆ_ಪುಸ್ತಕದಂಗಡಿ
ಸುಳಿ ನೋಡುವುದು ಹಳೆಯ ಕಾಲದಿಂದ ಬಂದದ್ದು. ಹಿಂದಿನವರಿಗೆ ಮುದ್ರೆ, ಪಾಸ್‌ಪೋರ್ಟ್ ಏನೂ ಇರಲಿಲ್ಲ, ಸುಳಿಯಿಂದ ಕುದುರೆ ಗುರುತು ಹಿಡಿಯುತ್ತಿದ್ದರು. ಆ ಮಟ್ಟಿಗೆ ಇವತ್ತೂ ಉಪಯೋಗ ಇದೆ. ಕುದುರೆಯ ಗುರುತಿನ ಪತ್ರದಲ್ಲಿ ಇವತ್ತಿಗೂ ಸುಳಿ ಎಲ್ಲಿದೆ ಎಂದು ಬರೆಯುತ್ತಾರೆ. ಆದರೆ ಸುಳಿ ನೋಡಿ ಕಾಲು ಗಟ್ಟಿ ಎಂದು ಹೇಳಲು ಆಗುವುದಿಲ್ಲ.

ನಿವೃತ್ತ_ಪಶುವೈದ್ಯ
ತಾಯಿ, ಕೊಳ್ಳುವ ಮೊದಲು ಪರೀಕ್ಷೆ ಮಾಡಿಸಲೇಬೇಕು. ಮಾರುವವರು ಕರೆಸುವ ಡಾಕ್ಟರ್ ಬೇಡ, ನಿಮ್ಮ ದುಡ್ಡಿನಲ್ಲಿ ನಿಮ್ಮ ಡಾಕ್ಟರ್ ಬರಲಿ. ಊರಿನ ಡಾಕ್ಟರ್‌ಗಳು ದನ, ಹಂದಿ, ನಾಯಿ ನೋಡುವುದರಲ್ಲಿ ಪಳಗಿದವರು. ಕುದುರೆಯ ಕಾಲಿಗೆ ದಿನಾ ಕುದುರೆ ನೋಡುವ ಕಣ್ಣು ಬೇಕು. ಮೈಸೂರು ರೇಸ್ ಕೋರ್ಸ್ ಸುತ್ತಮುತ್ತ ವಿಚಾರಿಸಿ, ಅಂಥವರು ಸಿಗುತ್ತಾರೆ.

ಹೋಗುವಾಗ ಬೆಳಿಗ್ಗೆ ಬೇಗ ಹೋಗಿ, ಮುಂಚೆ ಹೇಳಬೇಡಿ. ಕುದುರೆ ಲಾಯದಲ್ಲಿ ತಣ್ಣಗೆ ನಿಂತಿರಬೇಕು. ಮೊದಲೇ ಓಡಿಸಿ ಮೈ ಬಿಸಿ ಮಾಡಿದರೆ ಸಣ್ಣ ಕುಂಟು ಮುಚ್ಚಿಹೋಗುತ್ತದೆ. ಗಟ್ಟಿ ನೆಲದ ಮೇಲೆ ಹಗ್ಗ ಸಡಿಲ ಬಿಟ್ಟು ನೇರವಾಗಿ ಟ್ರಾಟ್ (ಮೆಲ್ಲನೆಯ ಓಟ) ಮಾಡಿಸಿ. ತಲೆ ನೋಡಿ. ಮುಂಗಾಲಿನಲ್ಲಿ ನೋವಿದ್ದರೆ ಆ ಕಾಲು ನೆಲಕ್ಕೆ ತಾಗಿದಾಗ ತಲೆ ಮೇಲೆ ಹಾರುತ್ತದೆ, ಒಳ್ಳೆಯ ಕಾಲಿಗೆ ಕೆಳಗೆ ಬೀಳುತ್ತದೆ.

ವಯಸ್ಸನ್ನು ಬಾಯಿ ತೆರೆದು ನೋಡಿ. ಮುಂದಿನ ಹಾಲುಹಲ್ಲುಗಳಲ್ಲಿ ನಡುವಿನ ಜೋಡಿ ಸುಮಾರು ಎರಡೂವರೆ ವರ್ಷಕ್ಕೆ ಬೀಳುತ್ತದೆ, ಪಕ್ಕದ ಜೋಡಿ ಮೂರೂವರೆಗೆ, ಮೂಲೆಯ ಜೋಡಿ ನಾಲ್ಕೂವರೆಗೆ. ಐದು ತುಂಬಿದ ಕುದುರೆಯ ಬಾಯಿಯಲ್ಲಿ ಮೂಲೆಯ ಹಾಲುಹಲ್ಲು ಇರಬಾರದು. ವಯಸ್ಸಾದ ಕುದುರೆಯಾದರೆ ಮೇಲಿನ ಮೂಲೆಹಲ್ಲಿನಲ್ಲಿ ಒಂದು ಗೀರು ಹತ್ತು ವರ್ಷದ ಹೊತ್ತಿಗೆ ಒಸಡಿನ ಹತ್ತಿರ ಶುರುವಾಗಿ, ಹದಿನೈದಕ್ಕೆ ಅರ್ಧ, ಇಪ್ಪತ್ತಕ್ಕೆ ತುದಿವರೆಗೆ ಇಳಿಯುತ್ತದೆ. ಒಂದೆರಡು ವರ್ಷ ಆಚೀಚೆ ಆಗಬಹುದು.

ಬಾಯಿ ತೆರೆದಾಗ ನಾಲಿಗೆ ಮತ್ತು ತುಟಿಯ ಮೂಲೆಯನ್ನೂ ನೋಡಿ. ಹಳೆಯ ಗಾಯದ ಗುರುತು ಇದ್ದರೆ ಮುಳ್ಳಿನ ಕಡಿವಾಣ ಹಾಕಿದ್ದಾರೆ ಎಂದು ಅರ್ಥ. 1965ರ ನಿಯಮದಲ್ಲೇ ಮುಳ್ಳಿನ ಕಡಿವಾಣ ನಿಷೇಧ, ಆದರೂ ಕುಣಿಸುವ ಕುದುರೆಗಳಲ್ಲಿ ಇನ್ನೂ ಕಾಣುತ್ತದೆ. ಬಾಯಿ ನೊಂದ ಕುದುರೆ ಮಗುವಿನ ಕೈಗೆ ಸುಲಭವಾಗಿ ಬಗ್ಗುವುದಿಲ್ಲ.

ಸೋಮವಾರಪೇಟೆ_ಕಾವೇರಿ
ಡಾಕ್ಟ್ರೇ, ಔಷಧಿ ಕೊಟ್ಟು ನಿಲ್ಲಿಸುತ್ತಾರೆ ಎನ್ನುತ್ತಾರಲ್ಲ, ಅದು ನಿಜಾನಾ?

ನಿವೃತ್ತ_ಪಶುವೈದ್ಯ
ನಿಜ. ಫಿನೈಲ್‌ಬ್ಯೂಟಜೋನ್ ಎಂಬ ನೋವಿನ ಔಷಧಿ ಕೊಟ್ಟರೆ ಕುಂಟು ಮರೆಯಾಗುತ್ತದೆ. ಮಂಪರು ಬರಿಸುವ ಔಷಧಿ ಕೊಟ್ಟರೆ ಕಚ್ಚುವ ಕುದುರೆಯೂ ಸಾಧುವಾಗಿ ನಿಲ್ಲುತ್ತದೆ. ಪರೀಕ್ಷೆಯ ದಿನವೇ ರಕ್ತ ತೆಗೆಸಿ. "ರಕ್ತ ತೆಗೆಯುತ್ತೇವೆ" ಎಂದಾಗ ಮಾರುವವರು ಏನು ಹೇಳುತ್ತಾರೆ ಎಂಬುದನ್ನೂ ಗಮನಿಸಿ.

ಅದೇ ರಕ್ತದಲ್ಲಿ ಗ್ಲಾಂಡರ್ಸ್ ಪರೀಕ್ಷೆಯೂ ಆಗಲಿ, ಪಶುಪಾಲನಾ ಇಲಾಖೆಯ ಮೂಲಕ. ಹಿಸಾರ್‌ನಲ್ಲಿ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಇದೆ, ಖಚಿತ ಮಾಡುವುದು ಅಲ್ಲಿ. ಈ ರೋಗಕ್ಕೆ ಲಸಿಕೆ ಇಲ್ಲ, ಮನುಷ್ಯರಿಗೂ ಅಂಟುತ್ತದೆ. 2009ರ ಕಾಯ್ದೆಯಡಿ ಸರ್ಕಾರಕ್ಕೆ ತಿಳಿಸಲೇಬೇಕು. ರೋಗ ಖಚಿತವಾದ ಕುದುರೆಗೆ ದಯಾಮರಣ ಕೊಡುತ್ತಾರೆ. ಜಾತ್ರೆಯಿಂದ ಜಾತ್ರೆಗೆ ಸುತ್ತಿದ ಕುದುರೆಗೆ ಈ ಪರೀಕ್ಷೆ ಬಿಡಲೇಬೇಡಿ.

ಕುದುರೆ_ವ್ಯಾಪಾರಿ_ಪಿರಿಯಾಪಟ್ಟಣ
ಓದುತ್ತಾ ಬಂದೆ. ಬೇಜಾರಾಯಿತು. ಮಾರುವವರೆಲ್ಲ ಔಷಧಿ ಕೊಡುತ್ತಾರೆ ಎನ್ನುವ ಹಾಗಿದೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಕುದುರೆ ಇವೆ, ಮೊದಲು ಟಾಂಗಾ, ಈಗ ಸವಾರಿ ಕುದುರೆ. ಡಾಕ್ಟರ್ ಬರಲಿ, ರಕ್ತ ತೆಗೆಯಲಿ, ಎಕ್ಸ್‌ರೇ ಮಾಡಲಿ, ನನಗೆ ತೊಂದರೆ ಇಲ್ಲ.

ಆದರೆ ನಮ್ಮ ಕಡೆಯದೂ ಕೇಳಿ. ಜನ ಬರುತ್ತಾರೆ, ಮಕ್ಕಳನ್ನು ಹತ್ತಿಸಿ ಫೋಟೊ ತೆಗೆದು ಹೋಗುತ್ತಾರೆ, ಮತ್ತೆ ಫೋನೇ ಇಲ್ಲ. ಇನ್ನು ಕೆಲವರು ಒಂದು ವಾರ ಮನೆಗೆ ಕೊಡಿ, ನೋಡಿ ಹೇಳುತ್ತೇವೆ ಎನ್ನುತ್ತಾರೆ. ಗೊತ್ತಿಲ್ಲದ ಕೈಯಲ್ಲಿ ಮೇವು ಬದಲಾಗಿ ಹೊಟ್ಟೆನೋವು ಬಂದು ಕುದುರೆ ಸತ್ತರೆ ಯಾರು ಕೊಡುತ್ತಾರೆ? ಬೇಕಾದಷ್ಟು ಸಲ ನಮ್ಮ ಲಾಯಕ್ಕೇ ಬಂದು ಹತ್ತಿ ನೋಡಿ. ಅದು ನ್ಯಾಯ.

ಸವಾರಿ_ಮೇಷ್ಟ್ರು
ನಿಮ್ಮ ಮಾತು ಒಪ್ಪಿದೆ ಅಣ್ಣ. ಅಕ್ಕ, ಮೊದಲು ಮಾರುವವರ ಸಾಯಿಸ್ (ಕುದುರೆ ನೋಡಿಕೊಳ್ಳುವವನು) ಹತ್ತಲಿ, ಆಮೇಲೆ ಮಗಳ ಗುರುಗಳು, ಕೊನೆಗೆ ಮಗಳು. ಮಾರುವವರ ಕಡೆಯವರು ಹತ್ತಲು ಒಪ್ಪದ ಕುದುರೆಯ ಮೇಲೆ ಮಗು ಕೂರಲೇಬಾರದು.

ಮಡಿಕೇರಿ_ಮಂಜು
ಎಲ್ಲರೂ ಕುದುರೆ ನೋಡುತ್ತಿದ್ದೀರಿ, ಮಳೆ ನೋಡುವವರು ಯಾರೂ ಇಲ್ಲ. ನಾವು ಹೋಮ್‌ಸ್ಟೇಯಲ್ಲಿ ಎರಡು ಕುದುರೆ ಸಾಕಿದ್ದೆವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಒಣಗುವುದೇ ಇಲ್ಲ. ಗೊರಸಿನ ಅಡಿ ಕೊಳೆತು ಕೆಟ್ಟ ವಾಸನೆ ಬರುತ್ತದೆ. ಬೆನ್ನಿನ ಕೂದಲು ಹೆಕ್ಕಳೆ ಹೆಕ್ಕಳೆಯಾಗಿ ಏಳುತ್ತದೆ. ಕೆಸರಿಗೆ ಮೊದಲು ಪೆಟ್ಟು ಬೀಳುವುದು ಬಿಳಿ ಕಾಲಿಗೆ, ಅದರ ಕೆಳಗಿನ ತಿಳಿ ಚರ್ಮ ಬೇಗ ಒಡೆಯುತ್ತದೆ. ಪಂಚಕಲ್ಯಾಣಿಗೆ ನಾಲ್ಕೂ ಕಾಲು ಬಿಳಿ, ಯೋಚನೆ ಮಾಡಿ.

ಮೇವಿನದು ಇನ್ನೂ ದೊಡ್ಡ ತಲೆನೋವು. ಭತ್ತದ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಶಕ್ತಿ ಕೊಡುವುದಿಲ್ಲ. ಮಳೆಗೆ ಬೂಸ್ಟು ಹಿಡಿದ ಹುಲ್ಲು ತಿಂದರೆ ಕೆಮ್ಮು, ಉಬ್ಬಸ ಖಂಡಿತ. ಹುಣಸೂರು ಕಡೆಯಿಂದ ಒಣಹುಲ್ಲು, ಕುದುರೆ ಮೆಂತೆ ತರಿಸಿ ಮಳೆಗೆ ಮೊದಲೇ ಅಟ್ಟದಲ್ಲಿ ತುಂಬಿಸಿಡಿ. ತೋಟದ ಕಳೆಹುಲ್ಲು ಕೊಡುವುದಾದರೆ ಔಷಧಿ ಹೊಡೆದದ್ದು ಯಾವಾಗ ಎಂದು ಕೆಲಸದವರನ್ನು ಕೇಳಿ. ಗುಡ್ಡದ ಬ್ರ್ಯಾಕೆನ್ ಜರಿಗಿಡ ಕುದುರೆಗೆ ವಿಷ, ಹುಲ್ಲಿನ ಜೊತೆ ಕೊಯ್ದು ತಂದುಬಿಡುತ್ತಾರೆ.

ಪೊನ್ನಂಪೇಟೆ_ಚಂಗಾತಿ
ಲಾಯಕ್ಕೆ ಗಟ್ಟಿ ಬಾಗಿಲು ಹಾಕಿಸಿ. ನಮ್ಮ ಕಡೆ ಹುಲಿ ಕೊಟ್ಟಿಗೆಗೇ ಬಂದು ದನ ಹಿಡಿದಿದೆ. ರಾತ್ರಿ ಹೊರಗೆ ಕಟ್ಟುವ ಮಾತೇ ಬೇಡ.

ಗೋಣಿಕೊಪ್ಪ_ಹುಡುಗ
ಹುಲಿ ಬಿಡಿ, ಅಮ್ಮತ್ತಿ–ಸಿದ್ದಾಪುರದಲ್ಲಿ ಆನೆ ದಿನಾ ಇದೆ. ಆನೆ ಓಡಿಸಲು ಪಟಾಕಿ ಹೊಡೆಯುತ್ತಾರೆ. ಕೈಲ್ ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು, ಪುತ್ತರಿ ಹಬ್ಬಕ್ಕೆ ಕದಿರು ಕೊಯ್ಯುವಾಗ ಗುಂಡು, ಯಾರಾದರೂ ತೀರಿಕೊಂಡರೆ ಗುಂಡು. ಈ ಸದ್ದಿಗೆ ಹೆದರುವ ಕುದುರೆ ಅಮ್ಮತ್ತಿಯಲ್ಲಿ ಬದುಕುವುದು ಹೇಗೆ?

ಪೊನ್ನಂಪೇಟೆ_ಚಂಗಾತಿ
ಇದು ಸರಿಯಾದ ಮಾತು. ಮೈಸೂರು ದಸರಾಕ್ಕೆ ಮೊದಲು ಆನೆ, ಕುದುರೆಗಳಿಗೆ ಫಿರಂಗಿ ಸದ್ದಿನ ತಾಲೀಮು ಕೊಡುತ್ತಾರಲ್ಲ, ಹಾಗೆ ದೂರದಿಂದ ಶುರು ಮಾಡಿ ನಿಧಾನವಾಗಿ ಹತ್ತಿರ ತರಬೇಕು. ಮೊದಲ ದಿನವೇ ಪಕ್ಕದಲ್ಲಿ ಪಟಾಕಿ ಹಚ್ಚಿ ಪರೀಕ್ಷೆ ಮಾಡಬೇಡಿ.

ಸುಂಟಿಕೊಪ್ಪ_ಶೌಕೀನ್
ಮೆರವಣಿಗೆ ಕುದುರೆಗೆ ವಾಲಗ, ಪಟಾಕಿ, ಜನ ಎಲ್ಲ ರೂಢಿ. ಈ ವಿಷಯದಲ್ಲಿ ಕಪ್ಪು ಕುದುರೆಯೇ ಮೇಲು. ಇದನ್ನಾದರೂ ಒಪ್ಪಿಕೊಳ್ಳಿ.

ಸವಾರಿ_ಮೇಷ್ಟ್ರು
ಒಪ್ಪಿದೆ. ಅದು ದೊಡ್ಡ ಗುಣವೇ.

ಬೆಂಗಳೂರು_ಕೊಡಗು
ಶೋ ಎಂದರೆ ಸುಮ್ನೆ ಅಲ್ಲ. ನಮ್ಮ ದೇಶದ ಸವಾರ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು ವಿದೇಶಿ ಕುದುರೆಯ ಮೇಲೆ. 2023ರಲ್ಲಿ ಹಾಂಗ್‌ಝೌನಲ್ಲಿ ನಮ್ಮ ಡ್ರೆಸ್ಸಾಜ್ (ಕುದುರೆಯ ಶಿಸ್ತಿನ ನಡೆಯ ಸ್ಪರ್ಧೆ) ತಂಡ ಚಿನ್ನ ಗೆದ್ದಾಗಲೂ ಅಷ್ಟೆ. ಊರಿನ ಕುದುರೆ ಕೊಂಡು ಎಲ್ಲಿಗೆ ಹೋಗುತ್ತೀರಿ?

ಸವಾರಿ_ಮೇಷ್ಟ್ರು
80 ಸೆಂಟಿಮೀಟರ್ ಹಾರಿಸುವ ಹುಡುಗಿಗೆ ಏಷ್ಯನ್ ಗೇಮ್ಸ್ ಕುದುರೆ ಯಾಕೆ ಬೇಕು ಸಾರ್? ನಮ್ಮ ರಾಜ್ಯದ ಸವಾರಿ ಶಾಲೆಗಳಲ್ಲಿ ಮಕ್ಕಳು ಹತ್ತುವುದು ಹೆಚ್ಚಾಗಿ ರೇಸ್ ಬಿಟ್ಟ ಕುದುರೆಗಳನ್ನೇ. ಅವುಗಳ ಮೇಲೆ ಕಲಿತು ಒಂದು ಮೀಟರ್ ದಾಟಿದ ಮಕ್ಕಳು ಎಷ್ಟೋ ಇದ್ದಾರೆ. ಅಕ್ಕ, ಶೋಗೆ ಹೋಗಬೇಕಾದರೆ ಸವಾರ, ಕುದುರೆ ಇಬ್ಬರ ನೋಂದಣಿಯೂ ಈಕ್ವೆಸ್ಟ್ರಿಯನ್ ಫೆಡರೇಷನ್ ಆಫ್ ಇಂಡಿಯಾದಲ್ಲಿ ಆಗಬೇಕು. ಅದಕ್ಕೆ ಕುದುರೆಯ ಗುರುತು, ಲಸಿಕೆ ಎಲ್ಲ ಕಾಗದದಲ್ಲಿ ಇರಬೇಕು.

ರೇಸ್‌ಕೋರ್ಸ್_ಹಳಬ
ಥರೋಬ್ರೆಡ್‌ನ ಅನುಕೂಲ ಇದೇ. ಭಾರತದಲ್ಲಿ ಹುಟ್ಟಿ ರೇಸ್ ಓಡಿದ ಪ್ರತಿ ಥರೋಬ್ರೆಡ್‌ನ ಲೆಕ್ಕ ಪುಣೆಯ ಸ್ಟಡ್ ಬುಕ್‌ನಲ್ಲಿ ಇರುತ್ತದೆ. ಪಾಸ್‌ಪೋರ್ಟ್, ಕತ್ತಿನಲ್ಲಿ ಮೈಕ್ರೋಚಿಪ್ ಇರುತ್ತದೆ. ಚಿಪ್ ಓದಿಸಿ ನಂಬರ್ ತಾಳೆ ನೋಡಿ. ಹೆಸರು ಸಿಕ್ಕಿದರೆ ಎಷ್ಟು ರೇಸ್ ಓಡಿದೆ, ಯಾವಾಗ ಬಿಟ್ಟಿದೆ ಎಲ್ಲ ಸಿಗುತ್ತದೆ. ನಡುವೆ ದೊಡ್ಡ ಬಿಡುವು ಇದ್ದರೆ ಆಗ ಏನಾಗಿತ್ತು ಎಂದು ಕೇಳಿ. ಹೆಚ್ಚಾಗಿ ಕಾಲಿನ ನರ (ಸ್ನಾಯುರಜ್ಜು, ಟೆಂಡನ್) ಎಳೆದಿರುತ್ತದೆ.

ರೇಸ್ ಕುದುರೆಗೆ ಕಲಿಸಿರುವುದು ಒಂದೇ, ಓಡು ಎಂದು. ರೆಸಾರ್ಟಿನಲ್ಲಿ ಅದನ್ನು ಮರೆತು ನಿಧಾನಕ್ಕೆ ನಡೆಯಲು ಕಲಿತಿದ್ದರೆ ಅರ್ಧ ಕೆಲಸ ಆಗಿದೆ. ಅದನ್ನು ನೋಡಿಕೊಳ್ಳುವ ಸಾಯಿಸ್ ಜೊತೆ ಕೂತು ಟೀ ಕುಡಿಯಿರಿ. ಮಾಲೀಕರಿಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿರುತ್ತದೆ.

ವಕೀಲಿ_ಕೊಡಗು
ಒಂದು ಸಣ್ಣ ಸಲಹೆ. ಬಾಯಿಮಾತು ಬೇಡ. ಸ್ಟಾಂಪ್ ಪೇಪರ್ ಮೇಲೆ ಕುದುರೆಯ ಬಣ್ಣ, ಗುರುತು, ವಯಸ್ಸು, ಚಿಪ್ ನಂಬರ್, ಈಗ ಔಷಧಿ ಇದೆಯೋ ಇಲ್ಲವೋ, ಹಿಂದೆ ಶಸ್ತ್ರಚಿಕಿತ್ಸೆ ಆಗಿದೆಯೋ ಎಲ್ಲ ಬರೆಸಿ ಸಹಿ ಹಾಕಿಸಿ. 1930ರ ಸರಕು ಮಾರಾಟ ಕಾಯ್ದೆಗೆ ಕುದುರೆಯೂ ಸರಕೇ. ಬರೆದ ವಿವರಕ್ಕೆ ಕುದುರೆ ಹೊಂದದಿದ್ದರೆ ಆಗ ಕೇಳುವ ಹಕ್ಕು ಇರುತ್ತದೆ. ಹೆಣ್ಣು ಕುದುರೆಯಾದರೆ ಗಬ್ಬ ಇದೆಯೋ ಇಲ್ಲವೋ ಎಂಬುದನ್ನೂ ಬರೆಸಿ.

ಸೋಮವಾರಪೇಟೆ_ಕಾವೇರಿ
ಗಬ್ಬ ಇದ್ದರೆ ಒಂದು ದುಡ್ಡಿಗೆ ಎರಡು ಅಲ್ವಾ?

ನಿವೃತ್ತ_ಪಶುವೈದ್ಯ
ಹನ್ನೊಂದು ತಿಂಗಳು ಗಬ್ಬ, ಆಮೇಲೆ ಹಾಲು ಬಿಡಿಸುವವರೆಗೆ ಮರಿ. ಮಗಳ ಶೋ ಅಷ್ಟೂ ದಿನ ನಿಲ್ಲುತ್ತದೆ ಅಮ್ಮ.

ಅಮ್ಮತ್ತಿ_ತೋಟದಮನೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮುಂಗಡ ಕೊಡಲಿಲ್ಲ. ಮೈಸೂರಿನಿಂದ ಕುದುರೆ ಡಾಕ್ಟರ್ ಮತ್ತು ಮಗಳ ಗುರುಗಳನ್ನು ಕರೆದುಕೊಂಡು ಎರಡೂ ಕಡೆ ಹೋಗಿ ಬಂದೆ.

ಕಪ್ಪು ಕುದುರೆ ನಿಜಕ್ಕೂ ಸುಂದರ. ನಾವು ಹೋಗುವಾಗಲೇ ಜೀನು ಹಾಕಿ ಓಡಿಸಿ ನಿಲ್ಲಿಸಿದ್ದರು, ಮೈಯೆಲ್ಲ ಬೆವರು. ಬಾಯಿ ತೆರೆದರೆ ಮೂಲೆಯ ಹಾಲುಹಲ್ಲು ನಾಲ್ಕೂ ಹಾಗೇ ಇವೆ. ಡಾಕ್ಟರ್ ಪ್ರಕಾರ ನಾಲ್ಕು ವರ್ಷವೂ ಆಗಿರಲಿಕ್ಕಿಲ್ಲ. ನಾಲಿಗೆಯ ಮೇಲೆ ಅಡ್ಡ ಗಾಯದ ಗುರುತು. ರಕ್ತ ತೆಗೆಯುತ್ತೇವೆ ಎಂದಾಗ "ಇವತ್ತು ಬೇಡ, ಮುಂದಿನ ವಾರ ಬನ್ನಿ" ಎಂದರು. ಅಷ್ಟು ಸಣ್ಣ ಕುದುರೆಯನ್ನು ಹಿಂಗಾಲ ಮೇಲೆ ಕುಣಿಸಿದ್ದಾರೆ ಎಂದು ಮಗಳು ವಾಪಸ್ ಬರುವಾಗ ಅಳುತ್ತಿದ್ದಳು.

ರೆಸಾರ್ಟಿನ ಕುದುರೆಯ ಚಿಪ್, ಪಾಸ್‌ಪೋರ್ಟ್ ತಾಳೆಯಾಗಿದೆ. ರಕ್ತಕ್ಕೆ ಒಪ್ಪಿದರು. ಗುರುಗಳು ಹತ್ತಿ 70 ಸೆಂಟಿಮೀಟರ್ ಹಾರಿಸಿದರು, ಶಾಂತವಾಗಿ ಹೋಯಿತು. ಆದರೆ ಎಡ ಮುಂಗಾಲಿನ ಹಿಂಭಾಗದಲ್ಲಿ ಉಬ್ಬು ಇದೆ. ಬಿಸಿ ಇಲ್ಲ, ಒತ್ತಿದರೆ ನೋವಿಲ್ಲ, ಕುಂಟಲಿಲ್ಲ. ಹಳೆಯದು ಎನ್ನುತ್ತಾರೆ ಡಾಕ್ಟರ್. ಇದನ್ನು ಕೊಳ್ಳಬಹುದಾ?

ನಿವೃತ್ತ_ಪಶುವೈದ್ಯ
ಹಳೆಯ ನರದ ಗಾಯ ಇರಬೇಕು. ಅಲ್ಟ್ರಾಸೌಂಡ್ ಮಾಡಿಸದೆ ಹಣ ಕೊಡಬೇಡಿ. ಪೂರ್ತಿ ವಾಸಿಯಾಗಿದ್ದರೆ ಈ ಎತ್ತರಕ್ಕೆ ಎಷ್ಟೋ ವರ್ಷ ನಡೆಯಬಹುದು. ಆದರೆ ವಾಸಿಯಾದ ನರ ಮೊದಲಿನಷ್ಟು ಗಟ್ಟಿ ಇರುವುದಿಲ್ಲ, ಆಳ ಕೆಸರಿನಲ್ಲಿ ಓಡಿಸಿದರೆ ಮತ್ತೆ ಹರಿಯಬಹುದು. ಮಳೆಗಾಲದಲ್ಲಿ ನಿಮ್ಮ ತೋಟದಲ್ಲಿ ಹಾರಿಸುವ ಜಾಗ ಹೇಗಿರುತ್ತದೆ?

ಸುಂಟಿಕೊಪ್ಪ_ಶೌಕೀನ್
ಹಲ್ಲಿನ ವಿಷಯ ಓದಿ ನೋವಾಯಿತು. ಇಂಥವರಿಂದಲೇ ತಳಿಗೆ ಕೆಟ್ಟ ಹೆಸರು ಬರುವುದು. ಮಗಳು ದೊಡ್ಡವಳಾದ ಮೇಲೆ ಒಳ್ಳೆಯ ಮಾರ್ವಾರಿ ಬೇಕು ಎಂದರೆ ನಾನೇ ಜೊತೆಗೆ ಬರುತ್ತೇನೆ ಅಕ್ಕ.

ರೇಸ್‌ಕೋರ್ಸ್_ಹಳಬ
ಆ ಕಾಲು ಅವರಿಗೂ ಗೊತ್ತಿದೆ, ಬೆಲೆ ಇಳಿಸಿ. ಅಲ್ಟ್ರಾಸೌಂಡ್ ಚೆನ್ನಾಗಿ ಬಂದರೂ ಎಂಬತ್ತು ಸಾವಿರಕ್ಕಿಂತ ಜಾಸ್ತಿ ನಾನಾದರೆ ಕೊಡುವುದಿಲ್ಲ. ಒಂಟಿಯಾಗಿ ಕಟ್ಟಬೇಡಿ. ಕುದುರೆ ಗುಂಪಿನ ಪ್ರಾಣಿ, ಜೊತೆಗೆ ಒಂದು ಮೇಕೆಯಾದರೂ ಇರಲಿ.

ಅಮ್ಮತ್ತಿ_ತೋಟದಮನೆ
ಅಲ್ಟ್ರಾಸೌಂಡ್ ಈ ವಾರವೇ ಮಾಡಿಸುತ್ತೇನೆ. ಹಾರಿಸುವ ಜಾಗ ಎಂದರೆ ಕಾಫಿ ಒಣಗಿಸುವ ಕಣದ ಪಕ್ಕದ ಬಯಲು. ಮಳೆಯಲ್ಲಿ ಕೆಸರೇ. ಮರಳು ಹಾಕಿಸಿ ನೀರು ಹೋಗಲು ಚರಂಡಿ ಮಾಡಿಸಬೇಕು, ಅಲ್ಲಿಯವರೆಗೆ ಕುದುರೆ ತರುವುದಿಲ್ಲ. ಲಾಯದ ನೆಲಕ್ಕೆ ಕಾಫಿ ಸಿಪ್ಪೆ ಹಾಸಬಹುದಾ? ನಮ್ಮಲ್ಲಿ ಬೇಕಾದಷ್ಟು ಇದೆ.

ನಿವೃತ್ತ_ಪಶುವೈದ್ಯ
ಬೇಡ. ಕಾಫಿ ಸಿಪ್ಪೆಯಲ್ಲಿ ಕೆಫೀನ್ ಇರುತ್ತದೆ, ಕುದುರೆ ಹಾಸಿಗೆಯನ್ನೂ ಮೇಯುತ್ತದೆ. ಸ್ಪರ್ಧೆಯ ದಿನ ಕುದುರೆಯ ಮೈಯಲ್ಲಿ ಕೆಫೀನ್ ಇರುವ ಹಾಗಿಲ್ಲ.

ಮಡಿಕೇರಿ_ಮಂಜು
ಮರದ ಮಿಲ್ಲಿನ ಹೊಟ್ಟು ತನ್ನಿ, ಜರಡಿ ಹಿಡಿದು ದೂಳು ತೆಗೆದು ಹಾಸಿ. ಲಾಳ ಕಟ್ಟುವವರು ನಮ್ಮ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಆರೇಳು ವಾರಕ್ಕೊಮ್ಮೆ ಗೊರಸು ಕತ್ತರಿಸಲೇಬೇಕು. ಮೈಸೂರಿನಿಂದ ಬರುವವರ ಹತ್ತಿರ ಈಗಲೇ ಮಾತಾಡಿಟ್ಟುಕೊಳ್ಳಿ. ಸುತ್ತಮುತ್ತ ಕುದುರೆ ಇರುವವರೆಲ್ಲ ಒಂದೇ ದಿನ ಕರೆಸಿದರೆ ಬರುವ ಖರ್ಚು ಹಂಚಿಕೊಳ್ಳಬಹುದು.

ಪೊನ್ನಂಪೇಟೆ_ಚಂಗಾತಿ
ನಮ್ಮದೂ ಒಂದು ಕುದುರೆ ಇದೆ, ನಾನು ಸೇರುತ್ತೇನೆ. ಪಾಲಿಬೆಟ್ಟ, ಸಿದ್ದಾಪುರ ಕಡೆ ಇನ್ಯಾರಿಗೆ ಬೇಕು ಹೇಳಿ.